ಇಳಿಯುವ ಹೊತ್ತು ಮೊದಲು

ಕೊಪ್ಪಳ ಜಿಲ್ಲೆಯ ಗುಡ್ಡಗಳಿಗೆ ಯಾರೂ ಹೆದರುವುದಿಲ್ಲ. ಕುಮಾರಪರ್ವತ ಎಂದರೆ ಬೂಟು, ಬ್ಯಾಗು, ಪರವಾನಗಿ ಎಂದೆಲ್ಲ ವಾರಗಟ್ಟಲೆ ತಯಾರಿ ನಡೆಸುವ ಗೆಳೆಯರ ಗುಂಪೇ, ಹಿರೇಬೆಣಕಲ್ಲಿನ ಮೋರ್ಯರ ಗುಡ್ಡಕ್ಕಾದರೆ ಚಪ್ಪಲಿ ಮೆಟ್ಟಿಕೊಂಡು, ತಲೆಗೊಂದು ಬಾಟಲಿ ನೀರು ಹಿಡಿದು, ಗಂಗಾವತಿಯಲ್ಲಿ ನಾಷ್ಟಾ ಮುಗಿಸಿ ಹತ್ತು ಗಂಟೆಯ ಮೇಲೆ ಹೊರಡುತ್ತದೆ. ಎತ್ತರವನ್ನಷ್ಟೇ ಅಳೆದರೆ ಅವರ ಧೈರ್ಯ ಸರಿಯೇ. ಆದರೆ ಈ ಸೀಮೆಯಲ್ಲಿ ಆಪತ್ತು ತರುವುದು ಹೊತ್ತು. ಹಾಗಾಗಿ ನನ್ನ ವಾದ ಒಂದೇ: ಇಲ್ಲಿ ಗುಂಪು ಕಟ್ಟಿಕೊಂಡು ಗುಡ್ಡ ಹತ್ತುವವರು, ಎಲ್ಲಕ್ಕಿಂತ ಹಿಂದೆ ಬರುವವರು ಕೆಳಗಿಳಿದು ನೆಲ ಮುಟ್ಟುವ ಹೊತ್ತನ್ನು ಮೊದಲು ಗೊತ್ತುಮಾಡಬೇಕು. ಎಷ್ಟು ಜನ, ಎಷ್ಟು ನೀರು, ಯಾವ ತಿಂಗಳು, ಬುತ್ತಿ ಬಿಚ್ಚುವುದು ಎಲ್ಲಿ ಎಂಬುದನ್ನೆಲ್ಲ ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬರಬೇಕು.

ಕಾರಣ ಈ ಕಲ್ಲಿನಲ್ಲೇ ಇದೆ. ಆನೆಗೊಂದಿ, ಗಂಗಾವತಿ ಸುತ್ತಲಿನ ಗುಡ್ಡಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನವು. ಮಲೆನಾಡಿನಂತೆ ಇಲ್ಲಿ ತಲೆಯ ಮೇಲೆ ಎಲೆಯ ಚಪ್ಪರವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಚಳಿಗಾಲದಲ್ಲೂ ಹನ್ನೊಂದು ಗಂಟೆಯಾಯಿತೆಂದರೆ ಬಂಡೆ ಕಾದು, ಮೇಲಿನ ಬಿಸಿಲಿನ ಜೊತೆ ಕೆಳಗಿನ ಕಾವೂ ಮೈಗೆ ಹೊಡೆಯುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸುವುದೇ ಇಲ್ಲ. ಬರಿಯ ಬಂಡೆಯ ಮೇಲೆ ಕಾಲುದಾರಿ ಮೂಡುವುದಿಲ್ಲ. ಹತ್ತುವಾಗ ನೆತ್ತಿ ಕಣ್ಣೆದುರಿಗಿರುತ್ತದೆ. ಎಲ್ಲಿಂದ ಹತ್ತಿದರೂ ದಾರಿಗಳೆಲ್ಲ ಮೇಲಕ್ಕೆ ಬಂದು ಕೂಡಿಕೊಳ್ಳುತ್ತವೆ. ಇಳಿಯುವಾಗ ಅವೇ ದಾರಿಗಳು ಹತ್ತು ದಿಕ್ಕಿಗೆ ಒಡೆಯುತ್ತವೆ, ಗುಂಡುಗಳೆಲ್ಲ ಒಂದೇ ತರಹ ಕಾಣುತ್ತವೆ. ದಣಿವು, ದಾಹ, ಬಿಸಿಲು ಮೂರೂ ಏರಿದ ಗಳಿಗೆಯಲ್ಲೇ ದಾರಿ ಹುಡುಕುವ ಕೆಲಸವೂ ಬಂದು ಬೀಳುತ್ತದೆ. ಇಳಿಯುವುದು ಸುಲಭ, ಬೇಗ ಆಗುತ್ತದೆ ಎಂಬ ಎಣಿಕೆ ಕಲ್ಲುಗುಡ್ಡಗಳ ಮಟ್ಟಿಗೆ ಸುಳ್ಳು.

1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಬೆಟ್ಟದ ನಡಿಗೆಗೊಂದು ಲೆಕ್ಕ ಕೊಟ್ಟ: ತಾಸಿಗೆ ಮೂರು ಮೈಲಿ, ಏರುವ ಪ್ರತಿ ಎರಡು ಸಾವಿರ ಅಡಿಗೆ ಮತ್ತೊಂದು ತಾಸು. ಜಗತ್ತಿನ ಚಾರಣಿಗರು ಇಂದಿಗೂ ಬಳಸುವ ಲೆಕ್ಕ ಅದು. ಆದರೆ ಅದು ಗಟ್ಟಿ ಕಾಲಿನ ಒಬ್ಬನೇ ಮನುಷ್ಯನ ಲೆಕ್ಕ; ಗುಂಪಿಗೆ ಹೊಂದುವುದಿಲ್ಲ. ಗುಂಪಿನಲ್ಲಿ ಒಬ್ಬರ ಚಪ್ಪಲಿಯ ಉಂಗುಷ್ಠ ಕಿತ್ತರೆ ಎಲ್ಲರೂ ನಿಲ್ಲಬೇಕು, ಒಬ್ಬರಿಗೆ ಏದುಸಿರು ಬಂದರೆ ಎಲ್ಲರೂ ಕೂರಬೇಕು. ಮೋರ್ಯರ ಗುಡ್ಡವನ್ನೇ ತೆಗೆದುಕೊಳ್ಳಿ. ಡಿಸೆಂಬರಿನಲ್ಲಿ ಹತ್ತೂವರೆಗೆ ಎಲ್ಲರೂ ಕೆಳಗಿರಬೇಕೆಂದು ಗೆರೆ ಎಳೆಯೋಣ. ಇಳಿಯಲು ಒಂದೂಕಾಲು ತಾಸು ಬಿಟ್ಟರೆ ಒಂಬತ್ತೂಕಾಲಿಗೆ ಮೇಲಿನಿಂದ ಹೊರಡಬೇಕು. ಮೇಲೆ ನೋಡಲು ಎರಡು ತಾಸಿಗೆ ತುಸು ಕಡಿಮೆ, ಹತ್ತಲು ಒಂದು ತಾಸು ಇಟ್ಟರೆ ಬುಡದಲ್ಲಿ ಮೊದಲ ಹೆಜ್ಜೆ ಬೀಳಬೇಕಾದದ್ದು ಆರೂವರೆಗೆ, ಬೆಳಕು ಹರಿಯುವಾಗ. ಅಂದರೆ ಕುಷ್ಟಗಿ, ಯಲಬುರ್ಗಾದವರು ನಾಲ್ಕಕ್ಕೇ ಏಳಬೇಕು, ಹುಬ್ಬಳ್ಳಿಯವರು ಹಿಂದಿನ ರಾತ್ರಿಯೇ ಗಂಗಾವತಿಗೆ ಬಂದಿರಬೇಕು. ಇಷ್ಟು ಹೇಳಿದ ಕೂಡಲೇ ಗುಂಪಿನ ಗಾತ್ರ ತಾನಾಗಿಯೇ ಇಳಿಯುತ್ತದೆ. ಹತ್ತು ಹನ್ನೆರಡು ಮಂದಿಗಿಂತ ಹೆಚ್ಚಾದರೆ ಗುಂಡುಗಳ ನಡುವೆ ಮುಂದಿನವರಿಗೆ ಹಿಂದಿನವರು ಕಾಣುವುದೇ ಇಲ್ಲ. ಹೆಚ್ಚು ಜನರಿದ್ದರೆ ಎರಡು ಗುಂಪು ಮಾಡುವುದೇ ವಾಸಿ. ದಾರಿ ಬಲ್ಲ ಊರಿನವರೊಬ್ಬರು ಮುಂದೆ, ಗುಂಪಿನ ತಾಳ್ಮೆಯ ಮನುಷ್ಯ ಹಿಂದೆ, ಅವರಿಬ್ಬರ ನಡುವೆ ಉಳಿದವರು. ಊರಿನವರಿಗೆ ಅವರ ದಿನಗೂಲಿಯನ್ನು ಚೌಕಾಸಿ ಮಾಡದೆ ಕೊಡಬೇಕು. ನೀರು ತಲೆಗೆ ಎರಡು ಲೀಟರಿಗೆ ಕಡಿಮೆಯಾಗಬಾರದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎಷ್ಟು ಹೊತ್ತಾದರೂ ಕೆಡದ ಬುತ್ತಿ ನಿಜ. ಆದರೆ ಒಣ ರೊಟ್ಟಿ ನೀರನ್ನು ಬೇಡುತ್ತದೆ, ಜೊತೆಗೆ ಮೊಸರೋ ಉಪ್ಪು ಹಾಕಿದ ಮಜ್ಜಿಗೆಯೋ ಇರಲಿ.

ಈ ಲೆಕ್ಕದಿಂದ ಮಜಾ ಕೆಡುತ್ತದೆ ಎನ್ನುವವರಿದ್ದಾರೆ. ಹೋದಲ್ಲಿ ನೋಡಿಕೊಂಡರಾಯಿತು, ಎಲ್ಲಕ್ಕೂ ಗಡಿಯಾರ ಕಟ್ಟಿದರೆ ಅದೂ ಒಂದು ಆಫೀಸೇ ಎಂಬುದು ಅವರ ಮಾತು. ನಾನು ಇದನ್ನು ತಿರುಗಿಸಿಯೇ ಹೇಳುತ್ತೇನೆ. ಮೋರ್ಯರ ಗುಡ್ಡದ ಮೇಲೆ ಸುಮಾರು 400 ಶಿಲಾ ಸಮಾಧಿಗಳಿವೆ, ಎರಡು ಸಾವಿರ ವರ್ಷಕ್ಕೂ ಹಿಂದಿನವು. ಆಳೆತ್ತರದ ಚಪ್ಪಡಿಗಳನ್ನು ನಿಲ್ಲಿಸಿ, ಒಂದರಲ್ಲಿ ದುಂಡನೆಯ ಕಿಂಡಿ ಕೊರೆದು, ಮೇಲೆ ಕಲ್ಲಿನ ಹೊದಿಕೆ ಹಾಕಿದ್ದಾರೆ. ನಡುವೆ ನೀರು ನಿಲ್ಲುವ ಕೊಳವಿದೆ, ಬಂಡೆಯ ಆಸರೆಗಳಲ್ಲಿ ಚಿತ್ರಗಳಿವೆ, ಬಡಿದರೆ ದೂರಕ್ಕೆ ಕೇಳುವ ಕಲ್ಲಿನ ನಗಾರಿಯಿದೆ. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ತಾಣವಿದು. ನಡುಮಧ್ಯಾಹ್ನ ತಲುಪಿದ ಗುಂಪು ಇದರಲ್ಲಿ ಏನನ್ನು ನೋಡೀತು? ಒಂದು ಚಪ್ಪಡಿಯ ನೆರಳಲ್ಲಿ ಒತ್ತಿಕೊಂಡು ಕೂತು, ಫೋಟೊ ಹೊಡೆದು, ಉಳಿದ ಗುಟುಕು ನೀರಿಗೆ ಮುಖ ಮುಖ ನೋಡಿಕೊಂಡು ಇಳಿಯುತ್ತದೆ. ಕಿಂಡಿಗಳೊಳಗೆ ಬೆಳಗಿನ ಓರೆ ಬೆಳಕು ಬೀಳುವುದನ್ನು ನಿಂತು ನೋಡುವ ಬಿಡುವು, ಇಳಿಯುವ ಹೊತ್ತು ಗೊತ್ತಿರುವವರಿಗೆ ಮಾತ್ರ. ಬಿಡುವಿದ್ದವರು ಎಚ್ಚರಿಕೆಯನ್ನೂ ಪಾಲಿಸುತ್ತಾರೆ: ಚಪ್ಪಡಿಗಳ ಮೇಲೆ ಹತ್ತುವುದಿಲ್ಲ, ಹಾವು ಮಲಗಿರಬಹುದಾದ ಸಂದಿಗೆ ಕೈ ಹಾಕುವುದಿಲ್ಲ, ಹೆಜ್ಜೇನು ಕಟ್ಟಿದ ಬಂಡೆಯ ಕೆಳಗೆ ಹೊಗೆಯೆಬ್ಬಿಸುವುದಿಲ್ಲ. ನಿಧಿಗಳ್ಳರಿಂದ ಹಾಳಾದದ್ದೇ ಆ ಸಮಾಧಿಗಳಿಗೆ ಸಾಕು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಕುರಿ ಕಾಯುವವರು ವರ್ಷವಿಡೀ ಇದೇ ಗುಡ್ಡಗಳಲ್ಲಿ ಹಗಲೆಲ್ಲ ಅಲೆಯುತ್ತಾರಲ್ಲ, ಅವರಿಗೇನಾಗಿದೆ ಎಂಬುದು. ಅವರ ದಿನವನ್ನು ಸರಿಯಾಗಿ ನೋಡಿದರೆ ಅದು ನನ್ನ ವಾದಕ್ಕೇ ಸಾಕ್ಷಿ. ನಡುಹಗಲಲ್ಲಿ ಅವರು ಕುರಿ ತರುಬಿ ನೆರಳಲ್ಲಿ ನಿಲ್ಲುತ್ತಾರೆ. ನೀರು ಎಲ್ಲಿದೆ, ಯಾವ ಗುಂಡಿನ ಮಗ್ಗುಲಲ್ಲಿ ಯಾವಾಗ ನೆರಳು ಬೀಳುತ್ತದೆ ಎಂಬುದು ಅವರಿಗೆ ಗೊತ್ತು. ಹೊತ್ತು ಮುಳುಗುವ ಮುಂಚೆ ದೊಡ್ಡಿಗೆ ಮರಳುತ್ತಾರೆ.

ಹಾಗಾದರೆ ಸಂಜೆ ಹತ್ತಿ ಸೂರ್ಯಾಸ್ತ ನೋಡಿ ಇಳಿಯಬಾರದೇಕೆ ಎಂದು ಕೇಳಬಹುದು. ಕರಡಿ, ಚಿರತೆ ಓಡಾಡುವ ಹೊತ್ತು ಅದು. ತುಂಗಭದ್ರಾ ಹೊಳೆಯ ಆಚೆ ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆ, ಆದರೆ ಈಚೆಯ ಬಂಡೆಗವಿಗಳಲ್ಲೂ ಕರಡಿಗಳಿಗೆ ಕೊರತೆಯಿಲ್ಲ, ಚಿರತೆಗೂ ಬೇಲಿಯಿಲ್ಲ. ಸೂರ್ಯಾಸ್ತವೇ ಬೇಕೆಂದರೆ 575 ಮೆಟ್ಟಿಲುಗಳ ಅಂಜನಾದ್ರಿಯಿದೆ, ಅಲ್ಲಿ ದಾರಿ ತಪ್ಪುವ ಮಾತಿಲ್ಲ, ಜನರೂ ಇರುತ್ತಾರೆ.

ದೊಡ್ಡ ಬೆಟ್ಟಗಳ ಪಾಠವೂ ಇದೇ ದಿಕ್ಕಿನದು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ 22 ಜನರ ತಂಡ ಮರಳುವ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ತೀರಿಕೊಂಡರು. ಅಲ್ಲಿನ ಸರಿತಪ್ಪು ತೂಗುವ ಅಧಿಕಾರ ನನಗಿಲ್ಲ. ಬೆಟ್ಟದ ಹವೆ ಏರುವವರನ್ನಷ್ಟೇ ಅಲ್ಲ, ಮರಳುವವರನ್ನೂ ಹಿಡಿಯುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು. ಅದೇ ವರ್ಷದ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿ ಸೇರಿದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ಒಂದು ಚಾರಣಪಥಕ್ಕೆ ದಿನಕ್ಕೆ 300 ಜನರ ಮಿತಿ ಹಾಕಿತು. ಕೊಪ್ಪಳದ ಬಹುತೇಕ ಗುಡ್ಡಗಳಲ್ಲಿ ಎಣಿಸಿ ಒಳಬಿಡುವ ಗೇಟಿಲ್ಲ. ಮಿತಿಯನ್ನು ಗುಂಪೇ ಹಾಕಿಕೊಳ್ಳಬೇಕು. ಕೆಳಗಿಳಿದ ಮೇಲೂ ಯೋಜನೆ ಮುಗಿಯದು: ಬೆವೆತ ಮೈಗೆ ನೀರು ಕಂಡರೆ ತಡೆಯದು, ಹೊಳೆದಂಡೆಯ ಸಣಾಪುರ ಹತ್ತಿರದಲ್ಲೇ ಇದೆ. 2025ರ ಫೆಬ್ರವರಿಯಲ್ಲಿ ಅಲ್ಲಿ ಬಂಡೆಯಿಂದ ತುಂಗಭದ್ರೆಗೆ ಹಾರಿದ ಹೈದರಾಬಾದಿನ ಯುವ ವೈದ್ಯೆ ಸೆಳವಿಗೆ ಸಿಕ್ಕಿ ಮೃತಪಟ್ಟರು. ಹೊಳೆಗಿಳಿಯುವುದಿಲ್ಲ ಎಂಬ ಮಾತು ಹೊರಡುವ ಮುನ್ನವೇ ಆಗಿರಲಿ.

ಕಾರ್ತಿಕದಿಂದ ಶಿವರಾತ್ರಿಯವರೆಗಿನ ಕಾಲ ನಮ್ಮ ಗುಡ್ಡಗಳಿಗೆ ಹೇಳಿ ಮಾಡಿಸಿದ್ದು. ಗವಿಮಠದ ಜಾತ್ರೆಗೆ ನೆಂಟರು ಬರುವ ಜನವರಿಯಲ್ಲಿ ಒಂದು ಬೆಳಗನ್ನು ಇದಕ್ಕೆ ತೆಗೆದಿಡಿ. ಗಾಡಿ ಗೊತ್ತುಮಾಡುವ ಮುಂಚೆ ಇಳಿಯುವ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು, ಮನೆಯಲ್ಲೊಬ್ಬರಿಗೆ, ಗುಡ್ಡದ ಬುಡದ ಊರಿನಲ್ಲೊಬ್ಬರಿಗೆ ಕೊಟ್ಟು ಹೋಗಿ. ಆ ಹೊತ್ತು ಮೀರಿ ಒಂದು ತಾಸಾದರೂ ನಿಮ್ಮ ಸುಳಿವಿಲ್ಲದಿದ್ದರೆ 112ಕ್ಕೆ ಫೋನ್ ಮಾಡುವಂತೆ ಅವರಿಗೆ ಹೇಳಿರಿ.