ಐನೂರರಲ್ಲಿ ಒಬ್ಬರು

2022ರ ಜೂನ್ 15ರಂದು ಮೈಕ್ರೋಸಾಫ್ಟ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ವಿದಾಯ ಹೇಳಿತು. ಕಂಪನಿಯ ವೆಬ್‌ಸೈಟ್ ಯಾವ ಯಾವ ಬ್ರೌಸರಿನಲ್ಲಿ ನಡೆಯಬೇಕು ಎಂಬ ತಲೆನೋವು ಅಂದಿಗೇ ಮುಗಿಯಿತು ಎಂಬ ಭಾವನೆ ನವಿ ಮುಂಬಯಿಯ ಐರೋಲಿಯಿಂದ ಮಹಾಪೆಯವರೆಗಿನ ಐಟಿ ಕಚೇರಿಗಳಲ್ಲಿ ಬೇರೂರಿದೆ. ಈಗ ಮೀಟಿಂಗಿನಲ್ಲಿ ಆ ಪ್ರಶ್ನೆ ಏಳುವುದೇ ಅಪರೂಪ. ಪ್ರಾಜೆಕ್ಟ್ ಹುಟ್ಟಿದ ದಿನ ಫೈಲೊಂದರಲ್ಲಿ ಒಂದು ಸಾಲು ಬಂದು ಕೂರುತ್ತದೆ, ಅದೇ ಉತ್ತರ. ಸಾಲಿನಲ್ಲಿ ಶೇಕಡಾವಾರು ಅಂಕಿಯೊಂದಿದೆ. ಅಂಕಿಯಿರುವ ಕಾರಣಕ್ಕೇ ಅದನ್ನು ಅಳೆದು ತೂಗಿ ಮಾಡಿದ ತೀರ್ಮಾನವೆಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ಈ ಮರ್ಯಾದೆ ಅದಕ್ಕೆ ಸಲ್ಲದು. ಅಳತೆಗೋಲು ತಪ್ಪು, ತೀರ್ಮಾನವಂತೂ ಬೇರೆ ಯಾರದೋ.

ಯಾಹೂ 2006ರಲ್ಲಿ ಬ್ರೌಸರುಗಳಿಗೆ ದರ್ಜೆ ಕೊಟ್ಟದ್ದು, ಬಿಬಿಸಿ 2012ರಲ್ಲಿ ಬ್ರೌಸರಿನ ಹೆಸರು ಕೇಳುವುದನ್ನು ಬಿಟ್ಟು ಅದರ ಸಾಮರ್ಥ್ಯವನ್ನು ಕೇಳತೊಡಗಿದ್ದು, ತಾಣ ನಡೆಯಬೇಕಾದ ಬ್ರೌಸರುಗಳನ್ನು ಹೇಳುವ ಬ್ರೌಸರ್ಸ್‌ಲಿಸ್ಟ್ ಪಟ್ಟಿಯನ್ನು ಓದಿ ಬೇಬಲ್ ಎಂಬ ಉಪಕರಣ ಹೊಸ ಕೋಡನ್ನು ಹಳೆಯ ರೂಪಕ್ಕೆ ಇಳಿಸುವುದು, ಇವೆಲ್ಲ ಈ ಕೆಲಸದಲ್ಲಿರುವವರಿಗೆ ಗೊತ್ತಿರುವ ಕಥೆ. ನಾನು ಹಿಡಿದು ನೋಡಬೇಕೆಂದಿರುವುದು ಒಂದೇ ಸಾಲನ್ನು. ಫೇಸ್‌ಬುಕ್ಕಿನವರ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಎಂಬ ಉಪಕರಣ 2019ರ ಮೂರನೇ ಆವೃತ್ತಿಯಿಂದ ಪ್ರತಿ ಹೊಸ ಪ್ರಾಜೆಕ್ಟಿಗೂ ಇಟ್ಟುಕೊಡುತ್ತಿದ್ದ ಸಾಲು ಅದು. ಕನ್ನಡದಲ್ಲಿ ಹೇಳುವುದಾದರೆ: ಶೇ 0.2ಕ್ಕಿಂತ ಹೆಚ್ಚು ಬಳಕೆಯಲ್ಲಿರುವವು, ಸತ್ತವು ಬೇಡ, ಒಪೆರಾ ಮಿನಿ ಯಾವುದೂ ಬೇಡ. ಆ ಉಪಕರಣವನ್ನು 2025ರ ಫೆಬ್ರುವರಿಯಲ್ಲಿ ಅಧಿಕೃತವಾಗಿ ಬದಿಗಿಟ್ಟರು. ಆದರೆ ಅದರಿಂದ ಹುಟ್ಟಿದ ತಾಣಗಳು ಬದುಕಿವೆ. ಹಳೆಯ ಪ್ರಾಜೆಕ್ಟಿನ ಫೈಲನ್ನು ನಕಲು ಮಾಡಿಕೊಂಡು ಹೊಸದನ್ನು ಶುರುಮಾಡುವ ರೂಢಿಯೂ ಬದುಕಿದೆ.

ಮೊದಲ ಷರತ್ತು ನೋಡಿ. ಶೇ 0.2 ಎಂದರೆ ಐನೂರರಲ್ಲಿ ಒಂದು. ಯಾವುದರ ಐನೂರು? ಈ ಅಂಕಿಗಳ ಬಹುಪಾಲಿಗೆ ಮೂಲ ಸ್ಟ್ಯಾಟ್‌ಕೌಂಟರ್. ಅದು ತನ್ನ ಕೋಡ್ ಅಳವಡಿಸಿಕೊಂಡ ತಾಣಗಳಲ್ಲಿ ತೆರೆದ ಪುಟಗಳನ್ನು ಎಣಿಸುತ್ತದೆ, ತೆರೆದ ಮನುಷ್ಯರನ್ನಲ್ಲ. ದಿನಕ್ಕೆ ನೂರು ಪುಟ ನೋಡುವ ಕಚೇರಿಯವನೂ ತಿಂಗಳಿಗೊಮ್ಮೆ ಕರೆಂಟ್ ಬಿಲ್ಲಿಗಾಗಿ ಒಂದು ಪುಟ ತೆರೆಯುವ ಅಜ್ಜನೂ ಅಲ್ಲಿ ಸಮಾನರಲ್ಲ. ಅಜ್ಜನ ಆ ಒಂದು ಪುಟ ಅವನಿಗೆ ಎಷ್ಟು ಮುಖ್ಯ ಎಂಬುದು ಈ ಲೆಕ್ಕದೊಳಕ್ಕೆ ಬರುವುದೇ ಇಲ್ಲ. ಮೇಲಾಗಿ ಇದು ಇಡೀ ಜಗತ್ತಿನ ಸರಾಸರಿ. ಭಾರತದ ಅಂಕಿ ಮಾತ್ರ ಬೇಕೆಂದು ಕೇಳುವ ಸೌಲಭ್ಯ ಬ್ರೌಸರ್ಸ್‌ಲಿಸ್ಟಿನಲ್ಲೇ ಇದೆ, ಎರಡು ಪುಟ್ಟ ಪದ ಸೇರಿಸಿದರೆ ಸಾಕು. ಸಾಲು ಬರೆದವರಿಗೆ ಅದು ಬೇಕಿರಲಿಲ್ಲ, ಅವರ ಓದುಗರು ಜಗತ್ತಿನಾದ್ಯಂತ ಇದ್ದರು. ಆದರೆ ಠಾಣೆ ಜಿಲ್ಲೆಯ ಗಿರಾಕಿಗಳಿಗಾಗಿ ತಾಣ ಕಟ್ಟುವವರು ಆ ಎರಡು ಪದ ಯಾಕೆ ಸೇರಿಸುವುದಿಲ್ಲ?

ಕೆಲವು ಕಂಪನಿಗಳು ತಮ್ಮದೇ ತಾಣದ ಅಂಕಿಅಂಶ ನೋಡಿ ನಿರ್ಧರಿಸುತ್ತವೆ. ಇದು ಮೇಲು ಎನ್ನುವ ವಾದವನ್ನು ನಾನು ಹಲವು ಸಲ ಕೇಳಿದ್ದೇನೆ. ನನಗೆ ಇದು ಇನ್ನೂ ಅಪಾಯಕಾರಿ ಅನ್ನಿಸುತ್ತದೆ. ಹಳೆಯ ಬ್ರೌಸರಿನಲ್ಲಿ ಖಾಲಿ ಬಿಳಿ ಪರದೆ ಕಂಡವರು ಮತ್ತೆ ಬರುವುದಿಲ್ಲ. ಅವರು ಬಾರದ ಕಾರಣ ಅಂಕಿ ಇಳಿಯುತ್ತದೆ. ಅಂಕಿ ಇಳಿಯಿತೆಂದು ಆ ಬ್ರೌಸರನ್ನು ಪಟ್ಟಿಯಿಂದ ಕೈಬಿಡುತ್ತಾರೆ. ಎಣಿಸುವ ಕೋಡೂ ಜಾವಾಸ್ಕ್ರಿಪ್ಟೇ ಆದ್ದರಿಂದ, ಅದು ಓಡದ ಕಡೆ ಬಂದು ಹೋದವರ ಗುರುತೂ ಉಳಿಯುವುದಿಲ್ಲ.

ಎರಡನೆಯ ಷರತ್ತನ್ನು ಬೇಗ ದಾಟಬಹುದು. ತಯಾರಕರು 24 ತಿಂಗಳಿಂದ ಪರಿಷ್ಕರಿಸದ ಬ್ರೌಸರನ್ನು ಸತ್ತದ್ದೆಂದು ಪರಿಗಣಿಸುತ್ತಾರೆ. ಬಳಸುವವರು ಇದ್ದಾರೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೂರನೆಯದರಲ್ಲಿ ಇಡೀ ಪದ್ಧತಿಯ ನಿಜರೂಪವಿದೆ. ಒಪೆರಾ ಮಿನಿ ಬಳಕೆ ಶೇ 0.2ಕ್ಕಿಂತ ಕಡಿಮೆ ಇದ್ದಿದ್ದರೆ ಮೊದಲ ಷರತ್ತೇ ಅದನ್ನು ಹೊರಗಿಡುತ್ತಿತ್ತು. ಹೆಸರು ಹಿಡಿದು ಓಡಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಅದು ಗೆರೆ ದಾಟಿ ಒಳಗೆ ಬಂದಿತ್ತು. ಹಾಗೆ ಬಂದದ್ದನ್ನು ಹೆಸರು ಕರೆದು ಹೊರಗೆ ಕಳಿಸಿದರು. ಅಂದರೆ ಅಂಕಿಯ ನಿಯಮವನ್ನು ಅದನ್ನು ಬರೆದವರೇ ನಂಬಿರಲಿಲ್ಲ. ಅವರಿಗೆ ಕಾರಣವಿತ್ತು, ಒಪ್ಪುತ್ತೇನೆ: ಒಪೆರಾ ಮಿನಿ ಪಟ್ಟಿಯಲ್ಲಿದ್ದರೆ ಬೇಬಲ್ ಎಲ್ಲ ಕೋಡನ್ನೂ ತೀರ ಹಳೆಯ ರೂಪಕ್ಕೆ ಇಳಿಸಬೇಕು, ಆಗ ಉಳಿದೆಲ್ಲರಿಗೂ ಹೋಗುವ ಫೈಲು ದಪ್ಪವಾಗುತ್ತದೆ. ಆದರೆ ಇದು ಅನುಕೂಲದ ಕಾರಣ. ಅನುಕೂಲಕ್ಕಾಗಿ ಮಾಡಿದ ಆಯ್ಕೆಯನ್ನು ಶೇಕಡಾವಾರಿನ ಪಕ್ಕದಲ್ಲಿಟ್ಟು ನಿಯಮದಂತೆ ಕಾಣಿಸಿದ್ದು ತಪ್ಪು. ಅದನ್ನು ಓದದೆ ನಕಲು ಮಾಡಿದ್ದು ನಮ್ಮವರ ತಪ್ಪು.

ಹೊರಗೆ ಕಳಿಸಿದ್ದು ಯಾವ ಬ್ರೌಸರನ್ನು ಎಂಬುದನ್ನು ಕನ್ನಡಿಗರು ಮರೆಯಬಾರದು. ಆಂಡ್ರಾಯ್ಡಿನಲ್ಲಿ ಕನ್ನಡ ಅಕ್ಷರಗಳು ಸರಿಯಾಗಿ ಮೂಡತೊಡಗಿದ್ದು 2012ರ 4.1 ಆವೃತ್ತಿಯಿಂದ. ಅದಕ್ಕೆ ಮುಂಚೆ ನೋಕಿಯಾದಂಥ ಸಣ್ಣ ಫೋನುಗಳಲ್ಲಿ ಕನ್ನಡ ಪುಟ ತೆರೆದರೆ ಬರೀ ಚೌಕಗಳು. ಒಪೆರಾ ಮಿನಿಯಲ್ಲಿ ವಿಳಾಸ ಬರೆಯುವ ಜಾಗದಿಂದ ಕಾನ್ಫಿಗ್ ಪುಟ ತೆರೆದು, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಎಂಬ ಆಯ್ಕೆಗೆ ಹೌದು ಎಂದರೆ, ದೂರದ ಸರ್ವರು ಕನ್ನಡವನ್ನು ಚಿತ್ರವಾಗಿಸಿ ಕಳಿಸುತ್ತಿತ್ತು. ಫೋನಿಗೆ ಕನ್ನಡ ಗೊತ್ತಿರಬೇಕಾಗಿರಲಿಲ್ಲ. ಡೊಂಬಿವಲಿಯಿಂದ ಸಿಎಸ್‌ಟಿಗೆ ಹೋಗುವ ಲೋಕಲ್‌ನ ಗರ್ದಿಯಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಅಂಥ ಫೋನು ಹಿಡಿದು ಊರಿನ ಸುದ್ದಿ ಓದಿದವರು ಇಂದಿಗೂ ಇದ್ದಾರೆ. ಭಾರವಾದ ಕೆಲಸವನ್ನು ಸರ್ವರು ಹೊತ್ತುಕೊಂಡು, ಬಡ ಯಂತ್ರಕ್ಕೆ ಹಗುರವಾದ ಫಲವನ್ನಷ್ಟೇ ಕೊಡುವ ಆ ವಿನ್ಯಾಸಕ್ಕೆ ನಮ್ಮ ತಂತ್ರಜ್ಞಾನ ಬರಹಗಳಲ್ಲಿ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ಇನ್ನೊಂದು ಉದಾಹರಣೆ ಇಲ್ಲೇ ನವಿ ಮುಂಬಯಿಯದು. ಘನ್ಸೋಲಿಯಲ್ಲಿ ದೊಡ್ಡ ಕ್ಯಾಂಪಸ್ ಇರುವ ರಿಲಯನ್ಸ್ ಜಿಯೋ 2017ರ ಜುಲೈನಲ್ಲಿ 1,500 ರೂಪಾಯಿ ಠೇವಣಿಯ ಜಿಯೋಫೋನನ್ನು ಘೋಷಿಸಿತು. ಕಂಪನಿಯೇ ಹೇಳಿಕೊಂಡಂತೆ ಅದು ಹತ್ತು ಕೋಟಿ ಜನರನ್ನು ಮುಟ್ಟಿತು. 240 ಪಿಕ್ಸೆಲ್ ಅಗಲದ ಪರದೆ, ಒತ್ತುವ ಗುಂಡಿಗಳು, ಕೈಓಎಸ್ ವ್ಯವಸ್ಥೆ. ಅದರ ಬ್ರೌಸರಿನ ಎಂಜಿನ್ ಗೆಕ್ಕೊ 48, ಅಂದರೆ 2016ರ ಆಗಸ್ಟಿನ ಫೈರ್‌ಫಾಕ್ಸಿನದು. ಬಳಸುವವರು ಬೇರೆ ಬ್ರೌಸರ್ ಹಾಕಿಕೊಳ್ಳುವಂತಿಲ್ಲ. ಇಂದಿನ ಜಾಗತಿಕ ಲೆಕ್ಕದಲ್ಲಿ ಅದು ಐನೂರರಲ್ಲಿ ಒಂದರ ಗೆರೆಯ ಕೆಳಗಿದೆ. ಈ ಎಂಜಿನ್ನಿಗೆ ಸಿಎಸ್‌ಎಸ್ ಗ್ರಿಡ್ ತಿಳಿಯದು. ಅದರಿಂದ ದೊಡ್ಡ ನಷ್ಟವಿಲ್ಲ, ತಿಳಿಯದ ಅಲಂಕಾರವನ್ನು ಬ್ರೌಸರು ಬಿಟ್ಟು ಮುಂದೆ ಹೋಗುತ್ತದೆ, ಪುಟ ಉದ್ದಕ್ಕೆ ಸುರಿದುಕೊಳ್ಳುತ್ತದೆ, ಓದಬಹುದು. ತಿಳಿಯದ ಎಚ್‌ಟಿಎಂಎಲ್ ಟ್ಯಾಗಿನ ಒಳಗಿನ ಅಕ್ಷರಗಳೂ ಕಾಣುತ್ತವೆ. ಜಾವಾಸ್ಕ್ರಿಪ್ಟ್ ಹಾಗಲ್ಲ. 2020ರ ಸುಮಾರಿಗೆ ಬಳಕೆಗೆ ಬಂದ, ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಚುಕ್ಕಿಯಿಡುವ ಬರವಣಿಗೆ ಫೈಲಿನ ಎಲ್ಲಿಯಾದರೂ ಒಂದು ಸಲ ಕಂಡರೂ ಗೆಕ್ಕೊ 48 ಆ ಇಡೀ ಫೈಲನ್ನೇ ತಿರಸ್ಕರಿಸುತ್ತದೆ. ಪುಟವನ್ನು ಪೂರ್ತಿಯಾಗಿ ಸ್ಕ್ರಿಪ್ಟೇ ಕಟ್ಟುವ ತಾಣವಾದರೆ ಬಿಳಿ ಪರದೆ ಬಿಟ್ಟು ಮತ್ತೇನೂ ಇಲ್ಲ. ವೆಬ್ಬಿನ ಮೂರು ಭಾಷೆಗಳಲ್ಲಿ ಎರಡು ಕ್ಷಮಿಸುತ್ತವೆ, ಒಂದು ಕ್ಷಮಿಸುವುದಿಲ್ಲ. ನಮ್ಮ ಕಂಪನಿಗಳು ಎಲ್ಲವನ್ನೂ ಆ ಒಂದರ ಮೇಲೆ ನಿಲ್ಲಿಸಿ, ಆಮೇಲೆ ಬ್ರೌಸರು ಹಳೆಯದೆಂದು ದೂರುತ್ತವೆ.

ಪಟ್ಟಿಯಲ್ಲಿರುವ ಬ್ರೌಸರಿಗಾದರೂ ಭರವಸೆ ಇದೆಯೇ? ಬ್ರಿಟಿಷ್ ಸರಕಾರದ ಡಿಜಿಟಲ್ ಸೇವೆಯವರು 2013ರಲ್ಲಿ ಪರೀಕ್ಷಿಸಿದಾಗ ಶೇ 1.1ರಷ್ಟು ಮಂದಿಗೆ ಜಾವಾಸ್ಕ್ರಿಪ್ಟ್ ತಲುಪಿರಲಿಲ್ಲ. ಅವರಲ್ಲಿ ಸ್ಕ್ರಿಪ್ಟ್ ಆಫ್ ಮಾಡಿಟ್ಟವರು ಅಥವಾ ಅದು ನಡೆಯದ ಬ್ರೌಸರಿನವರು ಶೇ 0.2 ಮಾತ್ರ. ಉಳಿದ ಶೇ 0.9 ಮಂದಿಯ ಬ್ರೌಸರು ಸರಿಯಾಗೇ ಇತ್ತು. ಆ ಹೊತ್ತಿಗೆ ಸ್ಕ್ರಿಪ್ಟ್ ಓಡಲಿಲ್ಲ, ಅಷ್ಟೆ. ನೆಟ್‌ವರ್ಕ್ ತುಂಡಾಗಿದ್ದಿರಬಹುದು, ಕಚೇರಿಯ ಫೈರ್‌ವಾಲ್ ತಡೆದಿದ್ದಿರಬಹುದು. ಸಂಜೆ ಏಳರ ಕಲ್ಯಾಣ್ ಲೋಕಲ್‌ನಲ್ಲಿ ಕಳವಾ, ಮುಂಬ್ರಾ, ದಿವಾ ದಾಟುವಾಗ ಫೋನು ಟವರಿನಿಂದ ಟವರಿಗೆ ಹಾರುತ್ತಿರುತ್ತದೆ. ಅಲ್ಲಿ ನಿನ್ನೆ ಬಿಡುಗಡೆಯಾದ ಕ್ರೋಮ್ ಕೂಡ ಕೆಲವು ನಿಮಿಷಗಳ ಮಟ್ಟಿಗೆ ಸಪೋರ್ಟ್ ಇಲ್ಲದ ಬ್ರೌಸರು. ಆವೃತ್ತಿಯ ಸಂಖ್ಯೆ ನೋಡಿ ಮಾಡಿದ ಪಟ್ಟಿಗೆ ಈ ಪ್ರಯಾಣಿಕ ಎಂದೂ ಕಾಣುವುದಿಲ್ಲ.

ಇಷ್ಟು ಹೇಳಿದರೆ ಬರುವ ಉತ್ತರಗಳು ನನಗೆ ಗೊತ್ತು. ಮೊದಲನೆಯದು, ಹಳೆಯ ಬ್ರೌಸರು ಅಸುರಕ್ಷಿತ, ಜನರ ಒಳ್ಳೆಯದಕ್ಕೇ ತಡೆಯುತ್ತೇವೆ ಎಂಬುದು. ಸಂಪರ್ಕವನ್ನು ಗುಟ್ಟಾಗಿಡುವ ಟಿಎಲ್‌ಎಸ್ 1.2 ಬಾರದ ಬ್ರೌಸರಿನಿಂದ ಹಣ ತೆಗೆದುಕೊಳ್ಳಬಾರದು, ನಿಜ. ಕಾರ್ಡ್ ಉದ್ಯಮವೂ 2018ರ ಜೂನ್ ಕೊನೆಗೆ ಟಿಎಲ್‌ಎಸ್ 1.0 ಅನ್ನು ಕೈಬಿಡುವಂತೆ ಹೇಳಿತು. ಅದು ಸಂಪರ್ಕದ ಮಟ್ಟದಲ್ಲೇ ತೀರ್ಮಾನವಾಗುವ ವಿಷಯ. ಆ ನೆಪದಲ್ಲಿ ಅರ್ಜಿಯ ಸ್ಥಿತಿ ನೋಡುವ ಪುಟವನ್ನೂ, ಶಾಖೆಯ ವಿಳಾಸದ ಪುಟವನ್ನೂ ಮುಚ್ಚುವುದು ಸುರಕ್ಷತೆಯಲ್ಲ. ಬ್ರೌಸರ್ ಅಪ್‌ಡೇಟ್ ಮಾಡಿಕೊಳ್ಳಿ ಎಂಬ ಸಲಹೆಯೂ ಹಾಗೆಯೇ. ವಿಂಡೋಸ್ 7ಕ್ಕೆ ಕ್ರೋಮ್ 109ರ ಆಚೆ ಇಲ್ಲ. ಐಫೋನ್ 6 ಐಓಎಸ್ 12ರಲ್ಲೇ ನಿಂತಿದೆ. ಮಗ ಹೊಸದು ಕೊಂಡು ಹಳೆಯ ಫೋನನ್ನು ಡೊಂಬಿವಲಿಯಲ್ಲಿರುವ ತಾಯಿಗೆ ಕೊಡುತ್ತಾನೆ. ಆ ತಾಯಿಗೆ ಒತ್ತಲು ಅಪ್‌ಡೇಟ್ ಗುಂಡಿಯೇ ಇಲ್ಲ.

ಎರಡನೆಯದು, ಆ್ಯಪ್ ಇದೆಯಲ್ಲ ಎಂಬ ಮಾತು. ಈ ಮಾತನ್ನು ಕೊನೆಯವರೆಗೆ ನಡೆಸಿ ನೋಡಿದ್ದು ಬೆಂಗಳೂರಿನ ಮಿಂತ್ರ. 2015ರ ಮೇ ತಿಂಗಳಲ್ಲಿ ವೆಬ್‌ಸೈಟನ್ನೇ ಮುಚ್ಚಿ ಆ್ಯಪ್ ಮಾತ್ರ ಉಳಿಸಿಕೊಂಡಿತು. ಎಲ್ಲ ಬ್ರೌಸರನ್ನೂ ಕೈಬಿಡುವ ಈ ನಿರ್ಧಾರವನ್ನು ಆಗ ಭವಿಷ್ಯದ ದಾರಿಯೆಂದು ಹೊಗಳಿದವರಿದ್ದರು. 2016ರ ಜೂನ್ 1ಕ್ಕೆ ಡೆಸ್ಕ್‌ಟಾಪ್ ತಾಣ ಮತ್ತೆ ತೆರೆಯಿತು. ಮೊಬೈಲ್ ತಾಣ ಮುಚ್ಚಿದ್ದ ಫ್ಲಿಪ್‌ಕಾರ್ಟ್ 2015ರ ನವೆಂಬರಿನಲ್ಲೇ ಫ್ಲಿಪ್‌ಕಾರ್ಟ್ ಲೈಟ್ ಹೆಸರಿನಲ್ಲಿ ಬ್ರೌಸರಿಗೆ ವಾಪಸಾಗಿತ್ತು. ಹೊಗಳಿದವರು ಈ ಮರಳುವಿಕೆಯ ಬಗ್ಗೆಯೂ ಅಷ್ಟೇ ಉದ್ದಕ್ಕೆ ಬರೆಯಬೇಕಿತ್ತು.

ಮೂರನೆಯವರು ಬೇಸ್‌ಲೈನ್ ಪಕ್ಷದವರು. ಗೂಗಲ್ 2023ರಲ್ಲಿ ಪ್ರಕಟಿಸಿದ ಈ ಗುರುತು, ಮುಖ್ಯ ಬ್ರೌಸರುಗಳಲ್ಲೆಲ್ಲ ಬಂದು 30 ತಿಂಗಳಾದ ಸೌಲಭ್ಯವನ್ನು ವ್ಯಾಪಕವಾಗಿ ಲಭ್ಯ ಎನ್ನುತ್ತದೆ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ, ಇಷ್ಟೇ ಅದರ ಜಗತ್ತು. ಯಾವ ಸೌಲಭ್ಯ ಯಾವಾಗ ಬಂತು ಎಂದು ತಿಳಿಯಲು ಒಳ್ಳೆಯ ಸಾಧನ. ಯಾರಿಗೆ ಸೇವೆ ಕೊಡಬೇಕು ಎಂಬುದನ್ನು ಅದಕ್ಕೆ ಒಪ್ಪಿಸುವುದು ಜವಾಬ್ದಾರಿಯನ್ನು ದಾಟಿಸುವ ಕೆಲಸ. ಆ ಜವಾಬ್ದಾರಿ ಈಗ ನ್ಯಾಯಾಲಯದ ಮಾತೂ ಹೌದು: ಗ್ರಾಹಕರ ಗುರುತನ್ನು ಆನ್‌ಲೈನಿನಲ್ಲಿ ಪರಿಶೀಲಿಸುವ ಇ-ಕೆವೈಸಿ ಕುರಿತ ಪ್ರಕರಣದಲ್ಲಿ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಂದಿಗೆ ಸೇರಿಸಿ ಓದಿತು. ಆಸಿಡ್ ದಾಳಿಗೆ ಒಳಗಾದವರ, ದೃಷ್ಟಿ ಕಳೆದುಕೊಂಡವರ ಅರ್ಜಿಗಳ ಮೇಲೆ ಬಂದ ತೀರ್ಪು ಅದು. ಬ್ರೌಸರ್ ಪಟ್ಟಿಗೆ ಅದು ನೇರವಾಗಿ ಅನ್ವಯಿಸದು. ಆದರೂ ಯಾರನ್ನು ಒಳಗೆ ಬಿಡಬೇಕೆಂಬುದು ಕಂಪನಿಯ ಖಾಸಗಿ ಲೆಕ್ಕಾಚಾರ ಎಂಬ ವಾದ ಅಂದಿನಿಂದ ದುರ್ಬಲವಾಗಿದೆ.

ಹಾಗಾದರೆ ಎಲ್ಲ ಬ್ರೌಸರಿನಲ್ಲೂ ಒಂದೇ ಥರ ಕಾಣಬೇಕೆ? ಬೇಡ. ಓದುವುದು, ಅರ್ಜಿ ತುಂಬುವುದು, ದೂರು ಕೊಡುವುದು, ಸ್ಥಿತಿ ತಿಳಿಯುವುದು, ಇವು ಸರ್ವರು ಕಳಿಸುವ ಬರಿಯ ಎಚ್‌ಟಿಎಂಎಲ್ ಫಾರ್ಮಿನಲ್ಲಿ ನಡೆಯಬೇಕು. ಅದರ ಮೇಲೆ ಎಷ್ಟು ಬೇಕಾದರೂ ಸೊಗಸು ಕಟ್ಟಲಿ, ಆ ಸ್ಕ್ರಿಪ್ಟನ್ನು ಮಾಡ್ಯೂಲ್ ಎಂದು ಗುರುತಿಸಿ ಕಳಿಸಲಿ. ಮಾಡ್ಯೂಲ್ ಗೊತ್ತಿಲ್ಲದ ಗೆಕ್ಕೊ 48, ಒಪೆರಾ ಮಿನಿ ಆ ಟ್ಯಾಗನ್ನು ಸುಮ್ಮನೆ ದಾಟಿ ಹೋಗುತ್ತವೆ, ದೋಷ ಹುಟ್ಟುವುದಿಲ್ಲ, ಫಾರ್ಮು ಹಾಗೇ ಉಳಿಯುತ್ತದೆ. ಬ್ರೌಸರಿನ ಸಾಮರ್ಥ್ಯ ತಿಳಿಯಲು ಬಿಬಿಸಿ ಅಂದು ಮೂರು ಪರೀಕ್ಷೆಗಳಿಂದ ಮಾಡಿದ್ದು ಈಗ ಒಂದೇ ಪದದಲ್ಲಿ ಆಗುತ್ತದೆ. ಆಗ ಬ್ರೌಸರ್ಸ್‌ಲಿಸ್ಟ್ ಸಾಲು ಎಷ್ಟು ಬಿಗಿಯಾಗಿದ್ದರೂ ಚಿಂತೆಯಿಲ್ಲ, ಅದು ಸೊಗಸನ್ನು ಮಾತ್ರ ಆಳುತ್ತದೆ. ಕೆಲಸ ಹೆಚ್ಚುವುದು ಸರ್ವರಿನ ಕಡೆಯವರಿಗೆ, ಅದನ್ನು ಕಂಪನಿ ಎಸ್ಟಿಮೇಟಿನಲ್ಲಿ ಬರೆದು ಗಿರಾಕಿಗೆ ಹೇಳಬೇಕು. ಹೊಸ ಪ್ರಾಜೆಕ್ಟಿನ ಮೊದಲ ಟಿಕೆಟ್ ಹೀಗಿರಲಿ: ಸ್ಕ್ರಿಪ್ಟ್ ಆಫ್ ಮಾಡಿ, ಒಂದು ದೂರು ಸಲ್ಲಿಸಿ, ದೂರಿನ ಸಂಖ್ಯೆ ಪರದೆಯ ಮೇಲೆ ತೋರಿಸಿ.