ಕರಡಿಗೊಂದು ನ್ಯಾಯ, ಕೋಣಕ್ಕೊಂದು ನ್ಯಾಯ

ಉಡುಪಿ, ಕಾಪು, ಕಾರ್ಕಳದ ಕಡೆ ಕೆಸರುಗದ್ದೆಯ ಕೋಣಗಳ ಓಟವಾದ ಕಂಬಳದ ಅಭಿಮಾನಿಗಳ ಎದುರು ಕರಡಿ ಕುಣಿತದ ಮಾತೆತ್ತಿ ನೋಡಿ. ‘ಅದಕ್ಕೂ ಇದಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಮಾರಾಯ್ರೆ?’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಕ್ರೌರ್ಯ, ಇದು ಸಂಸ್ಕೃತಿ. ಅದು ಬೀದಿಯ ಹೊಟ್ಟೆಪಾಡು, ಇದು ಗುತ್ತು-ಬೀಡುಗಳೆಂಬ ಹಿರಿಮನೆಗಳ ಗದ್ದೆಯ ಆಚರಣೆ. ಅಲ್ಲಿ ಕಾಡುಪ್ರಾಣಿಗೆ ಚಿತ್ರಹಿಂಸೆ, ಇಲ್ಲಿ ಮನೆಮಕ್ಕಳಂತೆ ಸಾಕಿದ ಕೋಣಗಳು. ಈ ಅಭಿಪ್ರಾಯ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಎರಡನ್ನೂ ಒಟ್ಟಿಗೆ ಹೆಸರಿಸಿದವನು ಒಂದೋ ಏನೂ ತಿಳಿಯದ ಪೇಟೆಯವನು, ಇಲ್ಲವೇ ತುಳುನಾಡಿನ ವೈರಿ. ಇನ್ನೊಂದು ತುದಿಯಲ್ಲಿ ಪ್ರಾಣಿದಯಾ ಸಂಘಗಳ ವಾದವಿದೆ: ಎರಡೂ ಒಂದೇ, ಎರಡೂ ನಿಲ್ಲಬೇಕು. ಈ ಎರಡು ಮಾತುಗಳಲ್ಲಿ ಯಾವುದೂ ಪರೀಕ್ಷೆಗೆ ನಿಲ್ಲುವುದಿಲ್ಲ. ಕರಡಿ ಕುಣಿತಕ್ಕೂ ಕಂಬಳಕ್ಕೂ ವ್ಯತ್ಯಾಸ ಖಂಡಿತ ಇದೆ; ಆದರೆ ಕಂಬಳದವರು ಬೆರಳು ಮಾಡಿ ತೋರಿಸುವ ಕಡೆ ಇಲ್ಲ.

ಮೊದಲು ಕರಡಿಯ ಕಥೆ. ಬಯಲುಸೀಮೆಯ ಊರುಗಳಲ್ಲಿ ಐವತ್ತು ದಾಟಿದವರಿಗೆ ಆ ನೋಟ ನೆನಪಿರುತ್ತದೆ. ಡಮರುಗದ ಸದ್ದು, ಹಗ್ಗ ಹಿಡಿದ, ಕರಡಿ ಆಡಿಸುವ ಸಮುದಾಯದ ಖಲಂದರ, ಹಿಂಗಾಲ ಮೇಲೆ ನಿಂತು ಹೆಜ್ಜೆ ಹಾಕುವ ಕರಡಿ. ಹೆದರಿದ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು, ಕರಡಿ ಕೂದಲಿನ ತಾಯಿತ ಕಟ್ಟಿಸುತ್ತಿದ್ದರು. ಜನ ಕಂಡದ್ದು ಅಷ್ಟು. ಕುಣಿತಕ್ಕೆ ಮೊದಲು ನಡೆದದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಮ್ಮ ಕುದುರೆಮುಖದ ಕಾಡಿನಲ್ಲೂ ಇರುವ ಈ ಕಪ್ಪು ಕರಡಿ ತನ್ನ ಮರಿಗಳನ್ನು ತಿಂಗಳುಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಅಂಥ ತಾಯಿಯಿಂದ ಮರಿಯನ್ನು ಕಸಿಯಬೇಕಾದರೆ ಸಾಮಾನ್ಯವಾಗಿ ತಾಯಿಯನ್ನೇ ಕೊಲ್ಲಬೇಕಾಗುತ್ತಿತ್ತು. ತಂದ ಮರಿಯ ಮೂತಿಗೆ ಕಾಯಿಸಿದ ಕಬ್ಬಿಣದ ಸೂಜಿ ಚುಚ್ಚಿ ತೂತು ಮಾಡಿ ಹಗ್ಗ ಪೋಣಿಸುತ್ತಿದ್ದರು. ಅರಿವಳಿಕೆಯ ಮಾತೇ ಇಲ್ಲ. ಕೋರೆಹಲ್ಲುಗಳನ್ನು ಒಡೆಯುತ್ತಿದ್ದರು ಅಥವಾ ಕೀಳುತ್ತಿದ್ದರು; ಗಂಡಾದರೆ ಬೀಜ ಒಡೆಯುವುದೂ ಇತ್ತು.

ಈ ಕರಡಿಗೆ ಮೂತಿಯೆಂದರೆ ಬದುಕು. ಮೇಲಿನ ಸಾಲಿನ ನಡುವಿನ ಎರಡು ಬಾಚಿಹಲ್ಲುಗಳು ಅದಕ್ಕೆ ಹುಟ್ಟಿನಿಂದಲೇ ಇರುವುದಿಲ್ಲ. ಆ ಸಂದಿನಿಂದ, ತುಟಿಗಳನ್ನು ಕೊಳವೆಯಂತೆ ಚಾಚಿ, ಹುತ್ತದೊಳಗಿನ ಗೆದ್ದಲನ್ನು ಹೀರಿ ತಿನ್ನುವ ಪ್ರಾಣಿ ಅದು. ವಾಸನೆ ಹಿಡಿಯುವುದು, ಅಗೆಯುವ ಜಾಗ ಗುರುತಿಸುವುದು, ತಿನ್ನುವುದು ಎಲ್ಲ ಆ ಮೂತಿಯಿಂದ. ಅದೇ ಅಂಗಕ್ಕೆ ಮಾಯದ ಗಾಯ ಮಾಡಿ ಹಗ್ಗ ಹಾಕಿದರೆ ಮುಂದಿನ ಕಲಿಕೆ ಸುಲಭ. ಹಗ್ಗ ಮೇಲಕ್ಕೆಳೆದಾಗ ನೋವು. ಎದ್ದು ನಿಂತರೆ ನೋವು ಸ್ವಲ್ಪ ಕಡಿಮೆ. ಕೋಲು ಆಡಿದಾಗ ಕಾಲೆತ್ತದಿದ್ದರೆ ಪೆಟ್ಟು. ಜನ ಕಾಸು ಎಸೆದು ಮೆಚ್ಚಿದ ಕುಣಿತ ನೋವಿನಿಂದ ತಪ್ಪಿಸಿಕೊಳ್ಳುವ ಚಡಪಡಿಕೆಯಾಗಿತ್ತು. ತಾಳಕ್ಕೆ ಸರಿಯಾಗಿ ಹೆಜ್ಜೆ ಬಿದ್ದರೆ ನೋವೂ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು ಎಂದೇ ಅರ್ಥ.

ಖಲಂದರರ ಬಳಿ ಸಮರ್ಥನೆ ಇರಲಿಲ್ಲವೇ? ಇತ್ತು. ಕಂಬಳದವರ ಬಳಿ ಇರುವುದೆಲ್ಲವೂ ಅವರ ಬಳಿಯೂ ಇತ್ತು. ಪರಂಪರೆ? ತಮ್ಮ ಹಿರಿಯರು ಮೊಗಲರ ಕಾಲದಿಂದ ಕರಡಿ ಆಡಿಸುತ್ತಿದ್ದರು ಎಂದು ಅವರು ಹೇಳುತ್ತಿದ್ದರು. ನಂಬಿಕೆ? ಆ ಸಮುದಾಯದ ಹೆಸರೇ ಸೂಫಿ ಫಕೀರರ ಪಂಥದಿಂದ ಬಂದದ್ದು; ತಾಯಿತ ಕಟ್ಟಿಸಿಕೊಂಡವರಲ್ಲಿ ಎಲ್ಲ ಜಾತಿಯವರೂ ಇದ್ದರು. ಜೀವನೋಪಾಯ? ಕಂಬಳದ ಯಜಮಾನನಿಗೆ ಕೋಣ ಪ್ರತಿಷ್ಠೆ, ಖಲಂದರನಿಗೆ ಕರಡಿ ಅಂದಂದಿನ ಅನ್ನ. ಪ್ರೀತಿ? ತಮ್ಮ ಕರಡಿಯನ್ನು ಮಕ್ಕಳ ಜೊತೆ ಮಲಗಿಸಿಕೊಳ್ಳುತ್ತಿದ್ದವರು ಅವರು. ಆ ಪ್ರೀತಿ ಸುಳ್ಳೆಂದು ಹೇಳುವ ಹಕ್ಕು ನಮಗಿಲ್ಲ. ಆದರೂ ಈ ನಾಲ್ಕು ಸಮರ್ಥನೆಗಳನ್ನು ಒಟ್ಟಿಗೆ ಇಟ್ಟರೂ ಮೂತಿಯ ತೂತು ಮುಚ್ಚುವುದಿಲ್ಲ. ಹಾಗಾಗಿಯೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಕರಡಿಗೆ ಹಂತಹಂತವಾಗಿ ರಕ್ಷಣೆ ಬಂತು. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸುವುದನ್ನು ನಿಷೇಧಿಸಿತು. ಸರ್ಕಸ್ ಮಾಲೀಕರು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು 2001ರಲ್ಲಿ ಆ ನಿಷೇಧವನ್ನು ಎತ್ತಿಹಿಡಿಯಿತು. ಕರಾವಳಿಯಲ್ಲಿ ಯಾರೂ ಸಂಸ್ಕೃತಿ ಹೋಯಿತೆಂದು ಅಳಲಿಲ್ಲ. ಅಳಬೇಕಾದ ಅಗತ್ಯವೂ ಇರಲಿಲ್ಲ.

ಈಗ ಕೋಣದ ಕಡೆಗೆ ಬನ್ನಿ. ತಮಿಳುನಾಡಿನ ಹೋರಿ ಹಿಡಿಯುವ ಆಟವಾದ ಜಲ್ಲಿಕಟ್ಟಿನ ವಿರುದ್ಧ 2014ರಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪಿನ ಬಲದ ಮೇಲೆ, 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಕಂಬಳಕ್ಕೆ ತಡೆ ನೀಡಿತು. 2017ರ ಜನವರಿಯಲ್ಲಿ ಆ ತಡೆಯನ್ನು ವಿರೋಧಿಸಿ ಮೂಡುಬಿದಿರೆಯಲ್ಲಿ ಕೋಣಗಳ ಸಮೇತ ಜನ ಸೇರಿದರು. ಮುಂದಿನ ತಿಂಗಳೇ ವಿಧಾನಸಭೆ ಕಂಬಳಕ್ಕೆ ಅವಕಾಶ ಕೊಡುವ ತಿದ್ದುಪಡಿ ಮಸೂದೆ ಅಂಗೀಕರಿಸಿತು. ಸುಗ್ರೀವಾಜ್ಞೆ ಬಂತು, 2018ರಲ್ಲಿ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತವೂ ಬಿತ್ತು. ಕೊನೆಗೆ 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಇದನ್ನು ನಾವು ಸಂಸ್ಕೃತಿಯ ಗೆಲುವೆಂದು ಸಂಭ್ರಮಿಸಿದೆವು. ನಿಜವಾಗಿ ಗೆದ್ದದ್ದು ಸಂಖ್ಯೆ. ಕಂಬಳದ ಹಿಂದೆ ಜಮೀನಿತ್ತು, ಶಾಸಕರಿದ್ದರು, ಎಲ್ಲ ಪಕ್ಷಗಳೂ ಇದ್ದವು. ಊರೂರು ಅಲೆಯುವ ಖಲಂದರನ ಪರವಾಗಿ ವಿಧಾನಸೌಧದಲ್ಲಿ ಒಬ್ಬನೂ ಎದ್ದು ನಿಲ್ಲಲಿಲ್ಲ. ಎರಡು ಆಚರಣೆಗಳ ಭವಿಷ್ಯ ಬೇರೆಯಾದದ್ದಕ್ಕೆ ಕ್ರೌರ್ಯದ ಪ್ರಮಾಣವೊಂದೇ ಕಾರಣ ಎಂದು ಹೇಳಿಕೊಳ್ಳುವುದು ಆತ್ಮವಂಚನೆ.

ಪರಂಪರೆಯ ವಾದವನ್ನೇ ತೆಗೆದುಕೊಳ್ಳಿ. ಅದಕ್ಕೆ ಉತ್ತರ ಹುಡುಕಲು ಬೇರೆಲ್ಲೂ ಹೋಗಬೇಕಾಗಿಲ್ಲ. ಕಂಬಳದ ಕರೆಯಲ್ಲೇ, ಅಂದರೆ ಕೋಣಗಳು ಓಡುವ ಕೆಸರಿನ ಹಾದಿಯಲ್ಲೇ ಇದೆ. ಕೋಣಗಳು ಇಳಿಯುವ ಮುಂಚೆ ಕೊರಗ ಸಮುದಾಯದವರನ್ನು ಕೋಣಗಳಂತೆ ಓಡಿಸುವುದು ಈ ನೆಲದ ‘ಪದ್ಧತಿ’ಯಾಗಿತ್ತು. 2000ದಲ್ಲಿ ರಾಜ್ಯ ಸರ್ಕಾರ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ತಂದಾಗ, ಅಜಲು ಎಂದರೇನು ಎಂಬ ವ್ಯಾಖ್ಯೆಯಲ್ಲೇ ಕಂಬಳಕ್ಕೆ ಮುನ್ನ ಕೊರಗರನ್ನು ಕೋಣಗಳಂತೆ ಓಡಿಸುವುದನ್ನು ಹೆಸರಿಸಬೇಕಾಯಿತು. ಉಗುರು-ಕೂದಲು ಬೆರೆಸಿದ ಅನ್ನ ತಿನ್ನಿಸುವುದೂ ಅದೇ ಪಟ್ಟಿಯಲ್ಲಿದೆ. ಅಂದರೆ ಇಪ್ಪತ್ತೊಂದನೇ ಶತಮಾನದ ಹೊಸ್ತಿಲಲ್ಲಿ ನಿಂತು, ಮನುಷ್ಯರನ್ನು ಹೀಗೆ ಓಡಿಸಬೇಡಿ ಎಂದು ಕಾನೂನು ನಮಗೆ ಹೇಳಿಕೊಡಬೇಕಾಯಿತು. ಆ ಓಟ ನಿಂತದ್ದರಿಂದ ಕಂಬಳ ಮುಳುಗಲಿಲ್ಲ, ದೈವ ಮುನಿಯಲಿಲ್ಲ. ಪರಂಪರೆಯೊಳಗಿನ ಕ್ರೌರ್ಯವನ್ನು ಕಿತ್ತರೆ ಪರಂಪರೆಯೇ ಕುಸಿಯುತ್ತದೆ ಎಂಬ ಭಯ ಎಷ್ಟು ಪೊಳ್ಳು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಕರಡಿ ಕುಣಿತದ್ದೂ ಅಷ್ಟೇ. ನವರಾತ್ರಿಯಲ್ಲಿ ನಮ್ಮ ಬೀದಿಗಳಿಗೆ ಹುಲಿವೇಷದ ಜೊತೆ ಕರಡಿವೇಷವೂ ಬರುತ್ತದೆ. ಬೆವರುವವನು ಮನುಷ್ಯ, ಕಾಸು ಪಡೆಯುವವನೂ ಅವನೇ. ಕಲೆ ಉಳಿದಿದೆ, ಕರಡಿಗೆ ಬಿಡುಗಡೆ ಸಿಕ್ಕಿದೆ.

ನಂಬಿಕೆಯ ವಾದವೂ ಅರ್ಧ ದಾರಿಗೆ ಮಾತ್ರ ಬರುತ್ತದೆ. ಗದ್ದೆಗೆ ಪೂಕರೆ ಎಂಬ ಹೂವಿನ ಕಂಬ ಹಾಕಿ, ಕೋಣಗಳನ್ನು ಶಾಸ್ತ್ರಕ್ಕೆ ಇಳಿಸಿ ಹತ್ತಿಸುವ ಕಂಬಳಗಳು ಇವೆ. ಅಲ್ಲಿ ಟ್ರೋಫಿಯೂ ಇಲ್ಲ, ಸೆಕೆಂಡಿನ ಲೆಕ್ಕವೂ ಇಲ್ಲ. ಆದರೆ ಮಿಯ್ಯಾರಿನಲ್ಲಿ, ಕಟಪಾಡಿಯಲ್ಲಿ ನಾವು ನೋಡಲು ಹೋಗುವುದು ಎರಡು ಕರೆಗಳಲ್ಲಿ ಪೈಪೋಟಿಗೆ ಓಡಿಸುವ ಜೋಡುಕರೆ ಕಂಬಳವನ್ನು. ಅಲ್ಲಿ ಹೊನಲು ಬೆಳಕಿದೆ, ಸೆನ್ಸರ್ ಇದೆ, ವೀಕ್ಷಕ ವಿವರಣೆ ಇದೆ, ಚಿನ್ನದ ಬಹುಮಾನವಿದೆ. 2023ರ ನವೆಂಬರಿನಲ್ಲಿ ಅದು ಬೆಂಗಳೂರಿನ ಅರಮನೆ ಮೈದಾನಕ್ಕೂ ಹೋಗಿಬಂತು. ಅದು ಕ್ರೀಡೆ, ಕ್ರೀಡೆಯಾಗಿರುವುದರಲ್ಲಿ ತಪ್ಪಿಲ್ಲ. ಆದರೆ ಸೆನ್ಸರ್ ಇಟ್ಟು ಓಡಿಸುವಾಗ ಕ್ರೀಡೆ, ಓಡಿಸುವಾಗ ಕೋಣಗಳಿಗೆ ಬೀಸುವ ಬೆತ್ತದ ಬಗ್ಗೆ ಕೇಳಿದಾಗ ಆರಾಧನೆ ಎಂದರೆ ನಡೆಯದು. ಕ್ರೀಡೆಯೆಂದಾದರೆ ಕ್ರೀಡೆಗಿರುವ ನಿಯಮ, ದಂಡ, ಅನರ್ಹತೆಗಳೂ ಬರಲಿ.

ಇನ್ನು ಪ್ರೀತಿ. ಕಂಬಳದ ಕೋಣಗಳಷ್ಟು ಸುಖವಾಗಿ ಬಾಳುವ ಜಾನುವಾರು ಬೇರೆ ಇಲ್ಲವೆಂಬುದು ನಿಜ. ಹುರುಳಿ ಬೇಯಿಸಿ ಹಾಕುತ್ತಾರೆ, ಎಣ್ಣೆ ಹಚ್ಚಿ ತಿಕ್ಕುತ್ತಾರೆ, ಈಜಿಸಲು ಕೊಳ ಕಟ್ಟಿಸುತ್ತಾರೆ, ಹಟ್ಟಿಗೆ ಫ್ಯಾನು ಹಾಕಿಸುತ್ತಾರೆ. ಗದ್ದೆ ಉಳದ, ಗಾಡಿ ಎಳೆಯದ ಬದುಕು. ಆದರೆ ಹಟ್ಟಿಯಲ್ಲಿನ ಪ್ರೀತಿ ಕರೆಯಲ್ಲಿನ ಪೆಟ್ಟಿಗೆ ಜಾಮೀನಾಗುವುದಿಲ್ಲ. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿದಾಗ ದೇಶವೇ ಅವರನ್ನು ಉಸೇನ್ ಬೋಲ್ಟ್ ಜೊತೆ ಹೋಲಿಸಿತು. ಬಜಗೋಳಿಯ ನಿಶಾಂತ್ ಶೆಟ್ಟರ ಹೆಸರೂ ಅದೇ ತಿಂಗಳಲ್ಲಿ ಪತ್ರಿಕೆಗಳಲ್ಲಿ ಮಿಂಚಿತು. ಕೆಸರಿನಲ್ಲಿ ಅಷ್ಟು ವೇಗ ಹುಟ್ಟಿದ್ದು ಮುಂದೆ ಓಡುತ್ತಿದ್ದ ಎರಡು ಕೋಣಗಳಿಂದ. ಅವು ಓಟ ಮುಗಿಸಿ ಕರೆಯ ಕೊನೆಯ ದಿಬ್ಬವಾದ ಮಂಜೊಟ್ಟಿ ಹತ್ತಿದ ಮೇಲೆ ಹೇಗಿದ್ದವು ಎಂದು ಕೇಳಿದ ವರದಿ ಮಾತ್ರ ವಿರಳ. ಪ್ರೀತಿ ಇದೆಯೆಂದು ಹೇಳುವವರು ಮೊದಲು ಕೇಳಬೇಕಾದ ಪ್ರಶ್ನೆ ಅದು.

ಹಾಗಾದರೆ ಕಂಬಳವೂ ಕರಡಿ ಕುಣಿತವೂ ಒಂದೇ ಎನ್ನುವವರು ಸರಿಯೇ? ಅಲ್ಲ. ಮೂಗುದಾರ ಎರಡಕ್ಕೂ ಇದೆ ಎಂದು ಅವರು ವಾದಿಸುತ್ತಾರೆ. ಆದರೆ ಕೋಣ ಸಾವಿರಾರು ವರ್ಷಗಳಿಂದ ಮನುಷ್ಯನ ಹಟ್ಟಿಯಲ್ಲೇ ಹುಟ್ಟಿ ಬೆಳೆದ ಪ್ರಾಣಿ. ಅದನ್ನು ಪಡೆಯಲು ತಾಯಿಯನ್ನು ಕೊಲ್ಲಬೇಕಿಲ್ಲ. ಓಡುವುದು ಅದರ ಮೈಗೆ ಬಂದದ್ದು. ಎರಡು ಕಾಲಲ್ಲಿ ನಿಂತು ತಾಳಕ್ಕೆ ಹೆಜ್ಜೆ ಹಾಕುವುದು ಯಾವ ಕರಡಿಗೂ ಬಂದದ್ದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕರಡಿ ಕುಣಿತದಿಂದ ಕ್ರೌರ್ಯವನ್ನು ತೆಗೆದರೆ ಜೀವಂತ ಕರಡಿಯ ಕುಣಿತವೇ ಉಳಿಯುವುದಿಲ್ಲ. ಕಂಬಳದಿಂದ ಬೆತ್ತವನ್ನು ತೆಗೆದರೆ ಕಂಬಳ ಉಳಿಯುತ್ತದೆ. ಹೆಚ್ಚೆಂದರೆ ಒಂದೆರಡು ಸೆಕೆಂಡು ತಡವಾಗುತ್ತದೆ. ವ್ಯತ್ಯಾಸ ಇರುವುದು ಇಲ್ಲಿ. ಆಚರಣೆ ಯಾರದು, ಎಷ್ಟು ಹಳೆಯದು, ಯಾವ ದೈವದ್ದು ಎಂಬ ಪ್ರಶ್ನೆಗಳಿಗೆ ಇಲ್ಲಿ ಬೆಲೆಯಿಲ್ಲ. ನೋವಿಲ್ಲದೆ ಅದು ನಡೆಯಬಲ್ಲದೇ ಎಂಬುದಕ್ಕಷ್ಟೇ ಬೆಲೆ. ಈ ಅಳತೆ ಎಲ್ಲರಿಗೂ ಹಿತವಾಗಿರುವುದಿಲ್ಲ. ಕೋಲ-ಜಾತ್ರೆಗಳ ಹೆಸರಿನಲ್ಲಿ ಇವತ್ತಿಗೂ ನಡೆಯುವ ಕೋಳಿ ಅಂಕವನ್ನು ಇದೇ ಅಳತೆಗೆ ಒಡ್ಡಿ. ಕಾಲಿಗೆ ಬಾಳು ಎಂಬ ಚೂರಿ ಕಟ್ಟದ, ರಕ್ತ ಬೀಳದ ಅಂಕಕ್ಕೆ ಯಾರೂ ಬರುವುದಿಲ್ಲ. ಹಾಗಾಗಿ ಅದು ಕಂಬಳದ ಪಕ್ಕದಲ್ಲಿ ನಿಲ್ಲುವುದಿಲ್ಲ, ಕರಡಿ ಕುಣಿತದ ಪಕ್ಕದಲ್ಲಿ ನಿಲ್ಲುತ್ತದೆ.

‘ಸುಪ್ರೀಂ ಕೋರ್ಟೇ ಒಪ್ಪಿದೆಯಲ್ಲ, ಇನ್ನೇನು?’ ಎಂಬುದು ಈಗ ಎಲ್ಲ ಚರ್ಚೆಗೂ ಹಾಕುವ ಬೀಗ. 2023ರ ತೀರ್ಪನ್ನು ಪೂರ್ತಿ ಓದಿದವರಿಗೆ ಆ ಬೀಗ ಸಡಿಲವೆಂದು ಗೊತ್ತಾಗುತ್ತದೆ. ತಿದ್ದುಪಡಿ ಮತ್ತು ನಿಯಮಗಳಿಂದಾಗಿ ಪ್ರಾಣಿಗಳಿಗಾಗುವ ನೋವು ಗಣನೀಯವಾಗಿ ಕಡಿಮೆಯಾಗಿದೆ ಎಂಬ ಆಧಾರದ ಮೇಲೆ ಪೀಠ ಈ ಆಟಗಳನ್ನು ಉಳಿಸಿತು. ಕಾನೂನು ಮತ್ತು ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಬೇಕು, ಅದಕ್ಕೆ ಜಿಲ್ಲಾ ದಂಡಾಧಿಕಾರಿಗಳೂ ಸಕ್ಷಮ ಅಧಿಕಾರಿಗಳೂ ಹೊಣೆ ಎಂದೂ ಹೇಳಿತು. ಕೊಟ್ಟ ಒಪ್ಪಿಗೆ ಷರತ್ತಿನದ್ದು. ಷರತ್ತು ಕಾಗದದಲ್ಲಿ ಉಳಿದು ಬೆತ್ತ ಕರೆಯಲ್ಲಿ ಆಡಿದರೆ, ಮುಂದಿನ ಮೊಕದ್ದಮೆಗೆ ಸಾಕ್ಷ್ಯ ಒದಗಿಸುವವರು ಪ್ರಾಣಿದಯಾ ಸಂಘದವರಾಗಿರುವುದಿಲ್ಲ. ನಮ್ಮದೇ ಯೂಟ್ಯೂಬ್ ಚಾನೆಲ್ಲುಗಳಾಗಿರುತ್ತವೆ.

ಕಾನೂನು ಬಂದ ಮಾತ್ರಕ್ಕೆ ಕ್ರೌರ್ಯ ನಿಲ್ಲುವುದಿಲ್ಲ ಎಂಬುದನ್ನೂ ಕರಡಿಯ ಕಥೆಯೇ ಕಲಿಸುತ್ತದೆ. ನಿಷೇಧವಾದ ಮೇಲೂ ವರ್ಷಗಟ್ಟಲೆ ರಸ್ತೆ ಬದಿಯಲ್ಲಿ ಕರಡಿಗಳು ಕುಣಿಯುತ್ತಲೇ ಇದ್ದವು. ಖಲಂದರನನ್ನು ಜೈಲಿಗೆ ಹಾಕಿದರೆ ಅವನ ಮಕ್ಕಳಿಗೆ ಅನ್ನವಿಲ್ಲ, ಹಿಡಿದ ಕರಡಿಗೆ ಜಾಗವಿಲ್ಲ. ವೈಲ್ಡ್‌ಲೈಫ್ ಎಸ್‌ಓಎಸ್ ಸಂಸ್ಥೆ 2002ರಲ್ಲಿ ಆಗ್ರಾದಲ್ಲಿ, ಮುಂದೆ ಅರಣ್ಯ ಇಲಾಖೆಯೊಂದಿಗೆ ಬೆಂಗಳೂರಿನ ಬನ್ನೇರುಘಟ್ಟದಲ್ಲೂ ಪುನರ್ವಸತಿ ಕೇಂದ್ರ ತೆರೆದ ಮೇಲೆ ದಾರಿ ಕಂಡಿತು. ಕರಡಿ ಒಪ್ಪಿಸಿದವನಿಗೆ ಬೇರೆ ದುಡಿಮೆಗೆ ಬಂಡವಾಳ, ಹೆಂಗಸರಿಗೆ ಕಸುಬಿನ ತರಬೇತಿ, ಮಕ್ಕಳಿಗೆ ಶಾಲೆ. ಹೀಗೆ 600ಕ್ಕೂ ಹೆಚ್ಚು ಕರಡಿಗಳು ಹಗ್ಗ ಕಳಚಿಕೊಂಡವು. ಬೀದಿಯಲ್ಲಿ ಕುಣಿದ ಕೊನೆಯ ಕರಡಿಯೆಂದು ಗುರುತಿಸಲಾದ ರಾಜು 2009ರ ಡಿಸೆಂಬರಿನಲ್ಲಿ ಬನ್ನೇರುಘಟ್ಟಕ್ಕೆ ಬಂದಿತು. ಬಲ್ಗೇರಿಯದಲ್ಲಿ ಅಂಥ ಕೊನೆಯ ಕರಡಿಗಳು ಬಿಡುಗಡೆಯಾದದ್ದು 2007ರಲ್ಲಷ್ಟೇ. ಯುರೋಪು ನಮಗಿಂತ ಬಹಳ ಮುಂದೇನೂ ಇರಲಿಲ್ಲ.

ಕೂಳಿಗೆ ಗತಿಯಿಲ್ಲದ ಖಲಂದರ ತನ್ನ ಏಕೈಕ ಆಸ್ತಿಯಾದ ಕರಡಿಯನ್ನೇ ಬಿಟ್ಟುಕೊಟ್ಟ. ಲಕ್ಷಗಟ್ಟಲೆ ಕೊಟ್ಟು ಕೋಣ ತರುವ ನಮ್ಮ ಯಜಮಾನರು ಬಿಟ್ಟುಕೊಡಬೇಕಾದ್ದು ಒಂದು ಬೆತ್ತವನ್ನು ಮಾತ್ರ. ಕಂಬಳ ಸಮಿತಿಗಳು ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಕರೆಗೆ ಬೆತ್ತ ಇಳಿಸಬಾರದು. ಹೊಡೆದು ಓಡಿಸಿದ ಜೋಡಿ ಗೆದ್ದರೂ ಬಹುಮಾನ ಕೊಡಬಾರದು. ಓಟ ನಿಲ್ಲಿಸುವ ಅಧಿಕಾರ ಪಶುವೈದ್ಯರಿಗಿರಲಿ, ಸಂಘಟಕರಿಗಲ್ಲ. ಸುಸ್ತಾದ ಕೋಣಗಳನ್ನು ಮರುದಿನದವರೆಗೂ ಎಳೆಯದೆ ನಿಗದಿತ ಗಂಟೆಗೆ ಕಂಬಳ ಮುಗಿಯಲಿ. ಸೆಕೆಂಡಿನ ನೂರನೇ ಒಂದು ಭಾಗವನ್ನು ಅಳೆಯುವ ಯಂತ್ರ ತರಬಲ್ಲವರಿಗೆ ಇಷ್ಟು ಮಾಡಲು ಆಗದೆಂದರೆ ನಂಬುವವರು ಯಾರು? ಕರಡಿಗೆ ಒಪ್ಪಿಕೊಂಡ ನ್ಯಾಯವನ್ನು ಕೋಣಕ್ಕೂ ಒಪ್ಪಿಕೊಳ್ಳಿ. ಕಂಬಳವನ್ನು ಉಳಿಸಬೇಕಾದವರು ನ್ಯಾಯಾಲಯದವರಲ್ಲ, ಬೆತ್ತ ಹಿಡಿದವರು.