ಸುಂಕವೂ ಹೊರೆಯೂ

ಬ್ಲಾಕ್‌ಚೈನ್ ಎಂಬುದು ಒಡೆಯನಿಲ್ಲದ ಲೆಕ್ಕದ ಪುಸ್ತಕ. ಅದರಲ್ಲಿ ಯಾರು ಬೇಕಾದರೂ ವ್ಯವಹಾರವನ್ನು ಬರೆಯಿಸಬಹುದು. ಬರೆದುದನ್ನು ಜಾಲದ ಗಣಕಗಳೆಲ್ಲವೂ ತಾವೇ ಪರೀಕ್ಷಿಸಿ ಕಾಪಾಡಬೇಕು. ಆದುದರಿಂದ ಒಬ್ಬನ ಚೇಷ್ಟೆ ಎಲ್ಲರ ಮೇಲಣ ಹೊರೆಯಾಗುವುದು. ಹುರುಳಿಲ್ಲದ ವ್ಯವಹಾರಗಳನ್ನು ರಾಶಿರಾಶಿಯಾಗಿ ಸುರಿದು ಜಾಲದ ಉಸಿರು ಕಟ್ಟಿಸುವುದಕ್ಕೆ ಸ್ಪ್ಯಾಮ್ ದಾಳಿಯೆಂದು ಹೆಸರು. ಇದನ್ನು ತಡೆಯಲೆಂದು ಹುಟ್ಟಿದ ಬರಹಗಳಲ್ಲಿ, ವಿಟಾಲಿಕ್ ಬ್ಯುಟೆರಿನ್ 2016ರಲ್ಲಿ ರಚಿಸಿದ ಈಥೀರಿಯಂ ಜಾಲದ 150ನೆಯ ಸುಧಾರಣಾ ಪ್ರಸ್ತಾವವು ವಿಮರ್ಶೆಗೆ ಅರ್ಹವಾದುದು.

ಅದರ ಮೂಲಭಾವನೆ ಹೊಸದಲ್ಲ. ಬೇಡದ ಮಿಂಚಂಚೆಯನ್ನು ತಡೆಯಲು ಕಳುಹಿಸುವವನಿಂದ ಕೊಂಚ ಗಣನೆಯ ಶ್ರಮವನ್ನು ಬೆಲೆಯಾಗಿ ಪಡೆಯಬೇಕೆಂದು ಸಿಂಥಿಯಾ ಡ್ವರ್ಕ್, ಮೋನಿ ನವೋರ್ ಎಂಬ ವಿದ್ವಾಂಸರು 1992ರಲ್ಲಿಯೇ ಸೂಚಿಸಿದ್ದರು. ಒಂದು ಪತ್ರಕ್ಕೆ ಆ ಶ್ರಮ ಅಲ್ಪ, ಲಕ್ಷ ಪತ್ರಗಳಿಗೆ ದುಸ್ಸಾಧ್ಯ. 2015ರಲ್ಲಿ ಪ್ರಾರಂಭವಾದ ಈಥೀರಿಯಂ ಈ ತತ್ತ್ವವನ್ನೇ ವಿಸ್ತರಿಸಿ, ಪ್ರತಿಯೊಂದು ಗಣನಕ್ರಿಯೆಗೂ ಗ್ಯಾಸ್ ಎಂಬ ಮಾನದಲ್ಲಿ ಬೆಲೆ ಕಟ್ಟಿತು.

ದೋಷವಿದ್ದುದು ತತ್ತ್ವದಲ್ಲಲ್ಲ, ಬೆಲೆಪಟ್ಟಿಯಲ್ಲಿ. ಬೇರೊಂದು ಖಾತೆಯಲ್ಲಿರುವ ಆಜ್ಞಾವಳಿಯ ಉದ್ದವನ್ನು ಕೇಳುವ ಕ್ರಿಯೆಗೆ 20 ಗ್ಯಾಸ್ ಮಾತ್ರ ನಿಗದಿಯಾಗಿತ್ತು. ಉತ್ತರ ಕೊಡಲು ಗಣಕವು ತನ್ನ ಉಗ್ರಾಣದಲ್ಲಿ ಹುಡುಕಿ ಓದಬೇಕಾಗಿತ್ತು. 2016ರ ಸೆಪ್ಟೆಂಬರಿನಲ್ಲಿ ದಾಳಿಕಾರರು ಒಂದೊಂದು ಬ್ಲಾಕಿನಲ್ಲಿ ಸುಮಾರು 50,000 ಸಲ ಇದೇ ಪ್ರಶ್ನೆಯನ್ನು ಕೇಳಿ ಜಾಲವನ್ನು ಕುಂಟಿಸಿದರು. ಪ್ರಸ್ತಾವವು ಆ ಬೆಲೆಯನ್ನು 700ಕ್ಕೂ, ಸಂಗ್ರಹವನ್ನು ಓದುವ ಬೆಲೆಯನ್ನು 50ರಿಂದ 200ಕ್ಕೂ ಏರಿಸಿತು. ಅದೇ ಅಕ್ಟೋಬರಿನಲ್ಲಿ ಅದು ಜಾರಿಗೆ ಬಂದಿತು.

ಈ ಬರಹದ ಗುಣವು ಅದರ ಸಂಯಮದಲ್ಲಿದೆ. ಕಳುಹಿಸಿದವನು ಸಜ್ಜನನೋ ದುರ್ಜನನೋ ಎಂಬ ವಿಚಾರಕ್ಕೆ ಅದು ಕೈಹಾಕುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ಕನ್ನಡದ ಗಾದೆ. ಒಡೆಯನಿಲ್ಲದ ಜಾಲದಲ್ಲಿ ಸುಂಕದವನ ಈ ಕಿವುಡೇ ನಿಷ್ಪಕ್ಷಪಾತವೆನಿಸುವುದು. ಇನ್ನೊಂದು ಗುಣವೆಂದರೆ, ಎಲ್ಲ ವ್ಯವಹಾರಗಳಿಗೂ ಸುಂಕವನ್ನು ಹೆಚ್ಚಿಸದೆ ಭಾರವಾದ ಕ್ರಿಯೆಗಳಿಗೆ ಮಾತ್ರ ಹೆಚ್ಚಿಸಿದುದು. ಸಾರಾಸಗಟಾಗಿ ಏರಿಸಿದ ಸುಂಕವು ಹಣವಂತನಾದ ದಾಳಿಕಾರನಿಗಿಂತ ಮೊದಲು ಬಡ ಬಳಕೆದಾರನನ್ನೇ ಹೊರಗಿಡುವುದು. ಸುಂಕ ತೀರ ಅಗ್ಗವಾದರೂ ಕ್ಷೇಮವಿಲ್ಲ: ಅಲ್ಪಶುಲ್ಕಕ್ಕೆ ಹೆಸರಾದ ಸೊಲಾನಾ ಜಾಲವು 2021ರ ಸೆಪ್ಟೆಂಬರಿನಲ್ಲಿ ಯಂತ್ರಗಳು ಸುರಿಸಿದ ವ್ಯವಹಾರಗಳ ಪ್ರವಾಹಕ್ಕೆ ಸಿಕ್ಕಿ ಸುಮಾರು 17 ಗಂಟೆಗಳ ಕಾಲ ನಿಂತುಹೋಯಿತು.

ಆದರೆ ಒಂದು ಕೊರತೆಯನ್ನು ಹೇಳದೆ ವಿಧಿಯಿಲ್ಲ. ಪ್ರಸ್ತಾವವು ತಪ್ಪಿದ ಬೆಲೆಗಳನ್ನು ತಿದ್ದಿತೇ ಹೊರತು, ಪುಸ್ತಕ ಬೆಳೆದಂತೆಲ್ಲ ಬೆಲೆಯನ್ನು ಸರಿತೂಗಿಸುವ ಸೂತ್ರವನ್ನು ಕೊಡಲಿಲ್ಲ. ಸಂಗ್ರಹ ದೊಡ್ಡದಾದಷ್ಟೂ ಹುಡುಕುವ ಶ್ರಮ ಹೆಚ್ಚುವುದು. ಅಚ್ಚಾದ ಪಟ್ಟಿ ಇದ್ದಂತೆಯೇ ಇರುವುದು. ಇದರ ಪರಿಣಾಮವಾಗಿ, ಸಂಗ್ರಹವನ್ನು ಓದುವ ಬೆಲೆಯನ್ನು 2019ರಲ್ಲಿ 800ಕ್ಕೂ, 2021ರಲ್ಲಿ ಮೊದಲ ಓದಿಗೆ 2,100ಕ್ಕೂ ಮತ್ತೆ ಏರಿಸಬೇಕಾಯಿತು. ಒಂದೊಂದು ತಿದ್ದುಪಡಿಯೂ ಹಳೆಯ ಬೆಲೆಯನ್ನು ನಂಬಿ ಬರೆದ ಕರಾರುಗಳಿಗೆ ಅಪಾಯವನ್ನು ತರಬಲ್ಲುದು. ಆ ನಷ್ಟವು ತಪ್ಪೆಸಗದವರ ಪಾಲಾಗುವುದು.

ಸುಂಕವು ಹೊರೆಗೆ ತಕ್ಕುದಾಗಿರಬೇಕೆಂಬ ನ್ಯಾಯವನ್ನು ಈ ಬರಹವು ಸ್ಥಾಪಿಸಿತು. ಹೊರೆಯನ್ನು ತೂಗುವ ತಕ್ಕಡಿಯನ್ನು ಮಾತ್ರ ಮುಂದಿನವರಿಗೆ ಬಿಟ್ಟಿತು.